‘ಮುಟ್ಟು’ ಎಂಬ ಮಾತು: ರಜಸ್ಸೂತಕದ ಒಂದು ಅರ್ಥವಿಮರ್ಶೆ



ಒಂದು ಸಮಾಜವು ತನ್ನ ಹೆಣ್ಣುಮಕ್ಕಳನ್ನು ಯಾವ ದೃಷ್ಟಿಯಿಂದ ಕಾಣುತ್ತದೆಂಬುದನ್ನು ತಿಳಿಯಲು ಶಾಸ್ತ್ರಗ್ರಂಥಗಳನ್ನೇ ತಿರುವಬೇಕೆಂದಿಲ್ಲ. ಮನೆಯೊಳಗಿನ ಆಡುನುಡಿಗೆ ಕಿವಿಗೊಟ್ಟರೆ ಸಾಕು. ರಾಯಚೂರು ನಗರದ ಓಣಿಗಳಿರಲಿ, ದೇವದುರ್ಗ ಮಾನ್ವಿ ತಾಲೂಕುಗಳ ಹಳ್ಳಿಗಳಿರಲಿ, ಸ್ತ್ರೀಯ ಮಾಸಿಕ ಸ್ರಾವವನ್ನು ಹೆಸರಿಸುವ ನಮ್ಮ ಕನ್ನಡದ ಮಾತುಗಳು ಎರಡು ಬಗೆಯವು. ಮೊದಲ ಸಲ ಆದಾಗ ‘ದೊಡ್ಡವಳಾದಳು’, ‘ಮೈನೆರೆದಳು’ ಎನ್ನುತ್ತೇವೆ. ದೊಡ್ಡವಳಾಗುವುದೆಂದರೆ ಬೆಳೆಯುವುದು; ನೆರೆಯುವುದೆಂದರೆ ತುಂಬಿಬರುವುದು. ಹಸೆಯ ಮೇಲೆ ಕೂಡಿಸಿ ಆರತಿ ಬೆಳಗಿ, ಉಡಿ ತುಂಬಿ, ಸೋಬಾನೆ ಹಾಡುತ್ತೇವೆ. ಆದರೆ ಮರುತಿಂಗಳು ಬಂದೊಡನೆ ಅದೇ ಬಾಲೆಯನ್ನು ಕುರಿತು ‘ಮುಟ್ಟಾದಳು’, ‘ಹೊರಗಾದಳು’, ‘ಕಡೆಗಾದಳು’ ಎನ್ನುತ್ತೇವೆ. ಅದೇ ದೇಹ, ಅದೇ ರಕ್ತ. ಹಿಂದಿನ ತಿಂಗಳು ಹಾಡಿ ಹರಸಿದ ನಾಲಗೆಯೇ ಈ ತಿಂಗಳು ಅವಳಿಗೆ ಮೂಲೆಯನ್ನು ತೋರಿಸುತ್ತದೆ. ಹನ್ನೆರಡು ಹದಿಮೂರು ವರ್ಷದ ಮನಸ್ಸು ಈ ಎರಡು ಮಾತುಗಳನ್ನು ಹೇಗೆ ಹೊಂದಿಸಿಕೊಳ್ಳಬೇಕು? ಇದೇ ಪ್ರಸ್ತುತ ಲೇಖನದ ಪ್ರಶ್ನೆ.

‘ಮುಟ್ಟು’ ಎಂಬ ಮಾತನ್ನೇ ಮೊದಲು ಪರಿಶೀಲಿಸೋಣ. ಮುಟ್ಟು ಎಂದರೆ ಸ್ಪರ್ಶ. ಯಾವ ದಿನಗಳಲ್ಲಿ ಸ್ಪರ್ಶವನ್ನು ನಿಷೇಧಿಸಿದೆವೋ ಆ ದಿನಗಳಿಗೆ ಸ್ಪರ್ಶವೆಂದೇ ಹೆಸರಿಟ್ಟೆವು! ಹೆಸರೇ ಇಲ್ಲಿ ಎಚ್ಚರಿಕೆಯ ಗಂಟೆಯಾಗಿದೆ. ಇದಕ್ಕಿಂತಲೂ ಹಳೆಯದು ‘ಹೊಲೆ’ ಎಂಬ ಪದ. ಹಳಗನ್ನಡದ ‘ಪೊಲೆ’ಯೇ ಇದು. ಮೈಲಿಗೆ, ಸ್ತ್ರೀಯ ರಜಸ್ಸು, ಜಾತಿಯ ಅಸ್ಪೃಶ್ಯತೆ, ಈ ಮೂರನ್ನೂ ಇದೊಂದೇ ಪದ ಹೊತ್ತಿದೆ. ಊರ ಹೊರಗಿನ ಕೇರಿಗೂ ಮನೆಯ ಹೊರಗಿನ ಮೂಲೆಗೂ ಭಾಷೆಯು ಒಂದೇ ಹೆಸರನ್ನು ಕೊಟ್ಟಿರುವುದು ಆಕಸ್ಮಿಕವಲ್ಲ. ಎರಡರ ಬೇರೂ ಒಂದೇ.

ಈ ಬೇರನ್ನು ಕಂಡವರು ಬಸವಣ್ಣನವರು. ಅವರ ಪ್ರಸಿದ್ಧ ವಚನವೊಂದರ ತರ್ಕ ನಿಂತಿರುವುದೇ ಈ ಪದದ ಎರಡು ಅರ್ಥಗಳ ಮೇಲೆ. ಗರ್ಭದಲ್ಲಿ ಜೀವವು ಬೇರೂರುವುದು ಯಾವುದರಿಂದಲೋ ಅದನ್ನೇ ನೀವು ಹೊಲೆಯೆಂದು ಕರೆದಿರಿ. ಹಾಗಾದರೆ ಆ ಹೊಲೆಯಿಲ್ಲದೆ ಹುಟ್ಟಿದ ಉತ್ತಮ ಕುಲದವನಾರು? ಎಂಬುದು ಅದರ ತಾತ್ಪರ್ಯ. ಈ ವಚನವನ್ನು ನಾವು ಜಾತಿಸೂತಕದ ಖಂಡನೆಯೆಂದು ವೇದಿಕೆಗಳಲ್ಲಿ ಉದ್ಧರಿಸುತ್ತೇವೆ, ಅದು ಸರಿಯೇ. ಆದರೆ ಅದು ಅಷ್ಟೇ ಬಲವಾಗಿ ರಜಸ್ಸೂತಕದ ಖಂಡನೆಯೂ ಹೌದೆಂಬುದನ್ನು ಮರೆಯುತ್ತೇವೆ. ಅರ್ಧ ವಚನವನ್ನು ಸಭೆಯಲ್ಲಿ ಓದಿ ಉಳಿದರ್ಧವನ್ನು ಅಡಿಗೆಮನೆಯ ಹೊಸ್ತಿಲಲ್ಲಿ ಬಿಟ್ಟುಬಂದಂತಾಗಿದೆ ನಮ್ಮ ವ್ಯಾಖ್ಯಾನ. 2018ರ ಸೆಪ್ಟೆಂಬರಿನಲ್ಲಿ ಶಬರಿಮಲೆ ಪ್ರಕರಣದ ತೀರ್ಪು ಹೊರಬಿದ್ದಾಗ ನ್ಯಾಯಮೂರ್ತಿ ಚಂದ್ರಚೂಡರು ತಮ್ಮ ಪ್ರತ್ಯೇಕ ಅಭಿಪ್ರಾಯದಲ್ಲಿ, ಮುಟ್ಟಿನ ಕಾರಣಕ್ಕೆ ಸ್ತ್ರೀಯನ್ನು ಹೊರಗಿಡುವುದು ಸಂವಿಧಾನದ 17ನೆಯ ವಿಧಿ ನಿಷೇಧಿಸಿರುವ ಅಸ್ಪೃಶ್ಯತೆಯ ಒಂದು ರೂಪವೆಂದು ಪ್ರತಿಪಾದಿಸಿದರು. ಆ ಪ್ರಕರಣದ ಪ್ರಶ್ನೆಗಳು 2019ರಲ್ಲಿ ವಿಸ್ತೃತ ಪೀಠಕ್ಕೆ ಹೋದವು. ನ್ಯಾಯಾಲಯದ ಮಾತು ಏನೇ ಆಗಲಿ, ಕನ್ನಡದ ‘ಹೊಲೆ’ ಎಂಬ ಪದವನ್ನು ಬಲ್ಲವನಿಗೆ ಆ ಸಂಬಂಧ ಹೊಸದಲ್ಲ.

ಮೈಲಿಗೆಯ ಈ ಕಲ್ಪನೆ ಎಲ್ಲಿಂದ ಬಂದಿತು? ತೈತ್ತಿರೀಯ ಸಂಹಿತೆಯಲ್ಲಿ ಒಂದು ಕಥೆಯಿದೆ. ಇಂದ್ರನು ವಿಶ್ವರೂಪನನ್ನು ಕೊಂದು ಬ್ರಹ್ಮಹತ್ಯೆಯ ಪಾಪಕ್ಕೆ ಗುರಿಯಾಗುತ್ತಾನೆ. ಆ ಪಾಪವನ್ನು ಭೂಮಿ, ವೃಕ್ಷ, ಸ್ತ್ರೀ ಈ ಮೂವರು ಹಂಚಿಕೊಳ್ಳುತ್ತಾರೆ. ಸ್ತ್ರೀಯ ಪಾಲಿನದು ರಜಸ್ಸಾಗಿ ತೋರುತ್ತದೆ. ಸಹೃದಯರು ಈ ಕಥೆಯ ಒಳಾರ್ಥವನ್ನು ಗಮನಿಸಬೇಕು. ಕೊಲೆ ಮಾಡಿದವನು ಒಬ್ಬ. ತಿಂಗಳು ತಿಂಗಳೂ ಅದರ ಗುರುತನ್ನು ಹೊರುವವಳು ಇನ್ನೊಬ್ಬಳು. ಪ್ರಕೃತಿಯ ಒಂದು ಕ್ರಿಯೆಗೆ ಅಪರಾಧದ ಅರ್ಥವನ್ನು ಹೊರಿಸಿದ ಸಂಕೇತವಿದು. ಇಂಥ ಭಯ ನಮ್ಮ ದೇಶದ್ದು ಮಾತ್ರವಲ್ಲ. ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿ, ರಜಸ್ವಲೆಯ ಸಾನ್ನಿಧ್ಯದಿಂದ ದ್ರಾಕ್ಷಾರಸ ಹುಳಿಯಾಗುತ್ತದೆ, ಪೈರು ಬಂಜೆಯಾಗುತ್ತದೆ ಎಂದು ಬರೆದ. ವಿಜ್ಞಾನದ ಯುಗದಲ್ಲಿಯೂ, 1920ರಲ್ಲಿ, ವಿಯೆನ್ನಾದ ವೈದ್ಯ ಬೇಲಾ ಷಿಕ್ ಮುಟ್ಟಾದವಳ ಕೈಯಲ್ಲಿ ಹೂ ಬಾಡುತ್ತದೆಂದು ನಂಬಿ, ಆಕೆಯ ಮೈಯಲ್ಲಿ ವಿಷವಿದೆಯೆಂಬ ವಾದವನ್ನು ಮುಂದಿಟ್ಟ. ಅಂಥ ವಿಷವೊಂದು ಇದೆಯೆಂದು ಸಿದ್ಧವಾಗಲೇ ಇಲ್ಲ. ನಿಜ ಸಂಗತಿ ಸರಳವಾದುದು: ಬರಲಿರುವ ಭ್ರೂಣಕ್ಕಾಗಿ ಗರ್ಭಕೋಶವು ಒಳಗೆ ಮೆತ್ತನೆಯ ಪದರವೊಂದನ್ನು ಸಿದ್ಧಪಡಿಸುತ್ತದೆ, ಭ್ರೂಣ ನೆಲೆಗೊಳ್ಳದಿದ್ದರೆ ಆ ಪದರ ಕಳಚಿ ಹೊರಬರುತ್ತದೆ. ಅತಿಥಿಗಾಗಿ ಹಾಸಿದ ಹಾಸಿಗೆಯನ್ನು ಅತಿಥಿ ಬಾರದಿದ್ದಾಗ ತೆಗೆದಂತೆ. ಇದರಲ್ಲಿ ಪಾಪವೆಲ್ಲಿ, ವಿಷವೆಲ್ಲಿ?

ಶರಣರ ಸಾಧನೆ ಇಲ್ಲಿ ಅಸಾಧಾರಣವಾದುದು. ಜನನ, ಜಾತಿ, ರಜಸ್ಸು, ಉಚ್ಛಿಷ್ಟ, ಪ್ರೇತ ಎಂಬ ಪಂಚಸೂತಕಗಳನ್ನು ಅವರು ಲಿಂಗವಂತರಿಗೆ ಇಲ್ಲವೆಂದು ಸಾರಿದರು. ವೀರಶೈವದ ಸಂಸ್ಕೃತ ಗ್ರಂಥವಾದ ‘ಸಿದ್ಧಾಂತ ಶಿಖಾಮಣಿ’ಯೂ ಲಿಂಗಪೂಜಾನಿರತಳಾದ ಸ್ತ್ರೀಗೆ ಋತುಕಾಲದಲ್ಲಾಗಲಿ ಪ್ರಸವದಲ್ಲಾಗಲಿ ಸೂತಕವಿಲ್ಲವೆಂದೇ ಹೇಳುತ್ತದೆ. ಬೇರೆ ವಿಷಯಗಳಲ್ಲಿ ವಿದ್ವಾಂಸರಲ್ಲಿ ಎಷ್ಟೇ ಚರ್ಚೆಯಿರಲಿ, ಈ ವಿಷಯದಲ್ಲಿ ವಚನಕ್ಕೂ ಶಾಸ್ತ್ರಕ್ಕೂ ಭೇದವಿಲ್ಲ. ಇದರ ಹಿಂದಿನ ಸಂಕೇತವನ್ನು ವಿಚಾರಮಾಡಿ. ಇಷ್ಟಲಿಂಗವು ದೇಹವನ್ನು ಅಗಲಬಾರದೆಂಬುದು ನಮ್ಮ ಆಚಾರ. ಸ್ತ್ರೀಗೂ ಪುರುಷನಿಗೂ ದೀಕ್ಷೆ ಸಮಾನ. ಅಂದಮೇಲೆ ತಿಂಗಳ ಆ ಮೂರು ನಾಲ್ಕು ದಿನಗಳಲ್ಲಿಯೂ ಲಿಂಗವು ಆಕೆಯ ಎದೆಯ ಮೇಲೆಯೇ ಇರುತ್ತದೆ. ದೇವರೇ ದೂರ ಸರಿಯದ ದೇಹದಿಂದ ದೇವರಮನೆಯನ್ನು ದೂರವಿಡುವುದು ಯಾವ ತರ್ಕ? ಲಿಂಗವು ಮೈಲಿಗೆಯಾಗುವುದಿಲ್ಲವೆಂದರೆ ಆಕೆಯೂ ಮೈಲಿಗೆಯಲ್ಲ. ಆಕೆ ಮೈಲಿಗೆಯೆಂದರೆ ಲಿಂಗವನ್ನೂ ಮೈಲಿಗೆಯೆಂದಂತಾಯಿತು. ನಡುವಿನ ದಾರಿ ಇಲ್ಲ.

ನಮ್ಮ ಜಿಲ್ಲೆಯ ಉದಾಹರಣೆಯೇ ಇದೆ. ಲಿಂಗಸುಗೂರು ತಾಲೂಕಿನ ಅಮರೇಶ್ವರದ ಹೆಸರನ್ನು ತನ್ನ ಅಂಕಿತದಲ್ಲಿ ಉಳಿಸಿಕೊಂಡ ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯಿರಿ. ಪತಿ ಆಯ್ದು ತಂದ ಅಕ್ಕಿಯಲ್ಲಿ ನಿತ್ಯ ದಾಸೋಹ ನಡೆಸಿದವಳು, ಹೆಚ್ಚು ತಂದಾಗ ಹಿಂದಿರುಗಿಸೆಂದು ಹೇಳಿದ ದಿಟ್ಟೆ. ಆಕೆಯದು ನಿತ್ಯವ್ರತ. ನಿತ್ಯವೆಂಬ ಮಾತಿನಲ್ಲಿ ತಿಂಗಳಿಗೆ ನಾಲ್ಕು ದಿನದ ಬಿಡುವಿಗೆ ಎಡೆಯಿಲ್ಲ. ಕೃಷ್ಣೆಯ ಆಚೆ ಸುರಪುರ ಸೀಮೆಯ ಮುದನೂರಿನ ಜೇಡರ ದಾಸಿಮಯ್ಯನಾದರೂ, ಹೆಣ್ಣು ಗಂಡೆಂಬ ಗುರುತುಗಳು ಮೈಮೇಲಿನವು, ಒಳಗಿನ ಆತ್ಮಕ್ಕೆ ಆ ಭೇದವಿಲ್ಲವೆಂದು ಹೇಳಿದವನೇ.

ಇನ್ನು ನಮ್ಮ ಹೊಲಗದ್ದೆಗಳ ಕಡೆ ದೃಷ್ಟಿ ಹಾಯಿಸಿರಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಮಾನ್ವಿ ಸೀಮೆಯ ಭತ್ತದ ಸಸಿ ನೆಡುವವರು ಯಾರು? ನಾರಾಯಣಪುರ ಬಲದಂಡೆ ಕಾಲುವೆ ಬಂದ ದೇವದುರ್ಗದ ಹೊಲಗಳಲ್ಲಿ ಕಳೆ ಕೀಳುವವರು ಯಾರು? ರಾಯಚೂರಿನ ಮಾರುಕಟ್ಟೆಗೆ ಬರುವ ಹತ್ತಿಯನ್ನು ಬಿಡಿಸಿದ ಕೈಗಳು ಯಾರವು? ನಾಟಿಯ ಹಂಗಾಮಿನಲ್ಲಿ ಯಾವ ರೈತನೂ ಕೂಲಿಯಾಳಿಗೆ ಇಂದು ನಿನಗೆ ಎಷ್ಟನೆಯ ದಿನವೆಂದು ಕೇಳುವುದಿಲ್ಲ. ಆ ಅಕ್ಕಿಯೇ ಪ್ರಸಾದವಾಗುತ್ತದೆ. ಆ ಹತ್ತಿಯೇ ದೀಪದ ಬತ್ತಿಯಾಗುತ್ತದೆ, ಕೊರಳಿನ ಶಿವದಾರವಾಗುತ್ತದೆ. ದುಡಿಮೆಗೆ ಬೇಕಾದಾಗ ಕಾಣದ ಮೈಲಿಗೆ ಪೂಜೆಯ ಹೊತ್ತಿಗೆ ಮಾತ್ರ ಕಾಣಿಸುವುದಾದರೆ ಅದು ರಕ್ತದಲ್ಲಿಲ್ಲ, ನೋಡುವ ಕಣ್ಣಿನಲ್ಲಿದೆ.

ಇಲ್ಲಿ ಹಿರಿಯರ ಒಂದು ಆಕ್ಷೇಪವನ್ನು ಗೌರವದಿಂದ ಎತ್ತಿಕೊಳ್ಳಬೇಕು. ಆ ದಿನಗಳಲ್ಲಿ ಹೆಂಗಸಿಗೆ ವಿಶ್ರಾಂತಿ ದೊರೆಯಲೆಂದೇ ಹಿಂದಿನವರು ಹೊರಗೆ ಕೂಡಿಸಿದರು ಎನ್ನುತ್ತಾರೆ. ಹೊಟ್ಟೆನೋವು, ನಿತ್ರಾಣ ಇರುವವಳಿಗೆ ವಿಶ್ರಾಂತಿ ಬೇಕೆಂಬುದು ನಿಜ. 2025ರ ಅಕ್ಟೋಬರಿನಲ್ಲಿ ಕರ್ನಾಟಕದ ಸಚಿವ ಸಂಪುಟವು ದುಡಿಯುವ ಮಹಿಳೆಯರಿಗೆ ತಿಂಗಳಿಗೆ ಒಂದು ದಿನ ವೇತನಸಹಿತ ರಜೆ ಕೊಡುವ ನೀತಿಗೆ ಒಪ್ಪಿಗೆಯಿತ್ತಿತು. ಅದು ವಿಶ್ರಾಂತಿ, ಅದರಲ್ಲಿ ಮೈಲಿಗೆಯ ಮಾತಿಲ್ಲ. ಆದರೆ ವಿಶ್ರಾಂತಿಯು ಒಳಗಿನ ಹಾಸಿಗೆಯ ಮೇಲೆಯೂ ದೊರೆಯಬಹುದಲ್ಲ? ಬೇರೆ ತಟ್ಟೆ, ಬೇರೆ ಚಾಪೆ, ನೀರನ್ನು ಮೇಲಿನಿಂದ ಹೊಯ್ಯುವುದು, ಇವುಗಳಿಂದ ಯಾರ ದಣಿವು ಆರುತ್ತದೆ? ಚಿತ್ರದುರ್ಗ ತುಮಕೂರು ಕಡೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದವರನ್ನು ಊರ ಹೊರಗಿನ ಗುಡಿಸಲಿನಲ್ಲಿ ಇಡುವ ಸುದ್ದಿ ಓದಿ ನಾವು ಮರುಗುತ್ತೇವೆ. ನಮ್ಮ ಮನೆಯ ಮೂಲೆಯೂ ಆ ಗುಡಿಸಲೇ. ಗೋಡೆ ಮಾತ್ರ ಒಳಗಿದೆ.

ಈಗ ಸ್ತ್ರೀಯ ಮನಸ್ಸಿನ ಕಡೆಗೆ ಬರೋಣ. ಈ ರಕ್ತಕ್ಕೆ ಸ್ವತಃ ಒಂದೇ ಅರ್ಥವಿಲ್ಲ. ಏನನ್ನೂ ಮೊದಲು ತಿಳಿಸದೆ ಬೆಳೆಸಿದ ಬಾಲೆಗೆ ಅದು ಗಾಬರಿ: ಏನೋ ಗಾಯವಾಯಿತು, ಸಾಯುತ್ತೇನೆಯೋ ಎಂಬ ಭಯ. ಮಗುವಿಗಾಗಿ ಹಂಬಲಿಸುವವಳಿಗೆ ಅದು ತಿಂಗಳಿಗೊಮ್ಮೆ ಬರುವ ದುಃಖವಾರ್ತೆ. ಮಕ್ಕಳು ಸಾಕೆಂದವಳಿಗೆ ಅದೇ ನೆಮ್ಮದಿ. ನಿಂತುಹೋದ ವಯಸ್ಸಿನವಳಿಗೆ ಒಂದು ಬಗೆಯ ಬಿಡುಗಡೆ. ಜೊತೆಗೆ ಏನನ್ನೋ ಕಳೆದುಕೊಂಡ ಭಾವ. ‘ತಿಂಗಳು’ ಎಂದರೆ ಕನ್ನಡದಲ್ಲಿ ಚಂದ್ರನೂ ಹೌದು, ಮಾಸವೂ ಹೌದು. ಕ್ಷಯಿಸಿ ಮತ್ತೆ ತುಂಬುವ ಆ ಲಯವನ್ನು ಹೆಣ್ಣು ತನ್ನ ಒಳಗೇ ಅನುಭವಿಸುತ್ತಾಳೆ. ಇಷ್ಟು ವಿವಿಧವಾದ ಅನುಭವಕ್ಕೆ ಸಮಾಜವು ‘ಮೈಲಿಗೆ’ ಎಂಬ ಒಂದೇ ಅರ್ಥವನ್ನು ಅಂಟಿಸಿದಾಗ ಆಕೆಯ ಸ್ವಂತ ಅರ್ಥಗಳೆಲ್ಲ ಬಾಯಿಲ್ಲದವಾಗುತ್ತವೆ. ಫ್ರಾನ್ಸಿನ ಸಿಮೋನ್ ದ ಬೋವಾ 1949ರ ತಮ್ಮ ಗ್ರಂಥದಲ್ಲಿ, ಈ ನಾಚಿಕೆ ದೇಹದಿಂದ ಹುಟ್ಟಿದ್ದಲ್ಲ, ಸಮಾಜದಲ್ಲಿ ಹೆಣ್ಣಿಗಿರುವ ಸ್ಥಾನದಿಂದ ಹುಟ್ಟಿದ್ದು ಎಂಬ ವಿಚಾರವನ್ನು ಮಂಡಿಸಿದರು. ಅತ್ಯಂತ ನೋವಿನ ಸಂಗತಿಯೆಂದರೆ, ಈ ಮೂಲೆಯನ್ನು ಕಾಯುವವಳು ಬಹುಮಟ್ಟಿಗೆ ತಾಯಿಯೋ ಅತ್ತೆಯೋ ಆಗಿರುತ್ತಾಳೆ. ತಾನು ಉಂಡ ಅವಮಾನವನ್ನೇ ಆಚಾರವೆಂದು ಮಗಳಿಗೆ ಬಡಿಸುತ್ತಾಳೆ.

ಜನಪದವು ಇದಕ್ಕಿಂತ ಹಿರಿದಾದ ಅರ್ಥವನ್ನೂ ಕಂಡಿದೆ. ತುಳುನಾಡಿನಲ್ಲಿ ಫೆಬ್ರವರಿ ಸುಮಾರಿಗೆ ಬರುವ ಕೆಡ್ಡಸದ ಮೂರು ದಿನ ಭೂಮಿತಾಯಿ ಮುಟ್ಟಾಗಿದ್ದಾಳೆಂದು ಭಾವಿಸಿ ನೆಲ ಉಳುವುದಿಲ್ಲ, ಅಗೆಯುವುದಿಲ್ಲ. ಕೊನೆಗೆ ಆಕೆಗೆ ಎಣ್ಣೆ ಅರ್ಪಿಸುತ್ತಾರೆ. ಅಸ್ಸಾಮಿನ ಕಾಮಾಖ್ಯದಲ್ಲಿ ದೇವಿಯ ಋತುಕಾಲವೇ ದೊಡ್ಡ ಉತ್ಸವ. ನಮ್ಮ ಕಡೆ ಸೀಗಿ ಹುಣ್ಣಿಮೆಯಲ್ಲಿ ತುಂಬಿದ ಪೈರನ್ನು ಬಸುರಿಯೆಂದು ಬಗೆದು ಚರಗ ಚೆಲ್ಲುತ್ತೇವೆ. ಬಸುರಿಯಾದ ನೆಲ ಪೂಜ್ಯವಾದರೆ, ಆ ಬಸಿರಿಗೆ ಮುನ್ನುಡಿಯಾದ ಋತು ಹೇಗೆ ಹೇಯವಾದೀತು?

ಇದು ಕೇವಲ ಅರ್ಥದ ಚರ್ಚೆಯಲ್ಲ. ‘ದೊಡ್ಡವಳಾದಳು’ ಎಂಬ ಘೋಷಣೆಯನ್ನು ಮದುವೆಗೆ ಸಿದ್ಧಳಾದಳೆಂದು ಓದಿದ ಸಮಾಜ ನಮ್ಮದು. ದೇವರ ಹೆಸರಿನಲ್ಲಿ ಮುತ್ತು ಕಟ್ಟಿದ ಬಾಲೆಯರ ಬಾಳು ತಿರುಗಿದ್ದೂ ಮೈನೆರೆದ ಮೇಲೆಯೇ. ದೇವದಾಸಿಯಾಗಿ ಅರ್ಪಿಸುವುದನ್ನು ಕರ್ನಾಟಕ 1982ರಲ್ಲಿ ಶಾಸನದಿಂದ ನಿಷೇಧಿಸಿತು. 2006ರ ಕಾಯ್ದೆಯಂತೆ ಹದಿನೆಂಟು ತುಂಬದ ಹೆಣ್ಣಿನ ಮದುವೆ ಅಪರಾಧ. ಕಾನೂನು ಕೈಯನ್ನು ತಡೆಯಬಲ್ಲದು. ಪದದೊಳಗಿನ ಅರ್ಥವನ್ನು ತಿದ್ದುವವರು ನಾವೇ. ದೊಡ್ಡವಳಾಗುವುದೆಂದರೆ ಶಾಲೆ ಬಿಡುವುದಲ್ಲ, ಇನ್ನಷ್ಟು ಓದುವುದು ಎಂದು ಆ ಬಾಲೆಗೆ ಮನೆಯವರು ಹೇಳಬೇಕಾಗಿದೆ.

ಆದಕಾರಣ, ಮಠದ ವಿದ್ಯಾರ್ಥಿನಿಲಯಗಳಲ್ಲಿ ಉಂಡು ಓದಿ ಇಂದು ಗೃಹಸ್ಥರಾಗಿರುವ ಬಂಧುಗಳೇ, ನಿಮ್ಮಲ್ಲಿ ವಿನಂತಿಯಿಷ್ಟೆ. ಮಗಳಿಗೆ ಆ ದಿನ ಬರುವ ಮೊದಲೇ ಅದರ ವಿಷಯವನ್ನು ತಾಯಿ ಅಂಜಿಕೆಯಿಲ್ಲದೆ ತಿಳಿಸಲಿ. ತಂದೆಯೂ ಮುಖ ತಿರುಗಿಸದಿರಲಿ. ಆಕೆಗೆ ನೋವಿದ್ದರೆ ವಿಶ್ರಾಂತಿಯಿರಲಿ, ಉಣ್ಣಲು ಸತ್ವವುಳ್ಳ ಆಹಾರವಿರಲಿ, ನೋವಿಲ್ಲದಿದ್ದರೆ ಶಾಲೆಯಿರಲಿ. ಮುಂಜಾನೆ ಎಂದಿನಂತೆ ಮಿಂದು, ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗವನ್ನಿಟ್ಟು ಪೂಜಿಸಲಿ. ಅಡ್ಡ ಬರುವ ಹಿರಿಯರಿದ್ದರೆ ಜಗಳವಾಡಬೇಡಿರಿ. ಬಸವಣ್ಣನವರ ಆ ವಚನವನ್ನು ಪೂರ್ತಿಯಾಗಿ ಓದಿ ಹೇಳಿರಿ. ಸೂತಕವನ್ನು ಎಂಟುನೂರು ವರ್ಷಗಳ ಹಿಂದೆಯೇ ಶರಣರು ಹೊರಗೆ ಹಾಕಿದ್ದಾರೆ. ನಾವು ಅದನ್ನು ಒಳಗೆ ಕರೆದು ಮಗಳನ್ನು ಹೊರಗೆ ಕೂಡಿಸಬಾರದು.