ಕೈಗೆಟುಕದ ಫೋನು

ಹೊಸ ಯಂತ್ರಗಳ ನೆರವಿಲ್ಲದೆ ಒಬ್ಬಂಟಿಯಾಗಿ ಹಾಯಿದೋಣಿಯಲ್ಲಿ ಭೂಮಿಯನ್ನು ಸುತ್ತಿಬರುವ ಗೋಲ್ಡನ್ ಗ್ಲೋಬ್ ರೇಸ್‌ಗೆ 2018ರಿಂದೀಚೆಗೆ ನಮ್ಮ ಓದುಗರಲ್ಲೂ ದೊಡ್ಡ ಹೆಸರು ಬಂದಿದೆ. ಸೆಕ್ಸ್‌ಟಂಟ್ ಹಿಡಿದು ಸೂರ್ಯನ ಎತ್ತರ ಅಳೆಯುವುದು, ಕಾಗದದ ನಕಾಶೆಯ ಮೇಲೆ ದಾರಿ ಗುರುತು ಮಾಡುವುದು, ಜಿಪಿಎಸ್ ಪೆಟ್ಟಿಗೆಗೆ ಮೊಹರು ಹಾಕುವುದು, ಎಲ್ಲವೂ ಕೇಳಲು ಚೆನ್ನ. ಕಮಾಂಡರ್ ಅಭಿಲಾಷ್ ಟೋಮಿಯವರ ‘ತುರೀಯ’ ದೋಣಿಯ ಬಗ್ಗೆ ನಾನು ಓದಿದ ಬರಹಗಳೆಲ್ಲ ಈ ಸರಳತೆಯನ್ನೇ ಹಾಡಿ ಹೊಗಳಿವೆ. ಈ ಹೊಗಳಿಕೆ ಅತಿಯಾಯಿತು ಎಂಬುದು ನನ್ನ ತಕರಾರು. ಟೋಮಿ ಬದುಕಿ ಬಂದದ್ದು ಸೆಕ್ಸ್‌ಟಂಟಿನಿಂದಲ್ಲ. ಬಂಕಿನಲ್ಲಿ ಬಿದ್ದುಕೊಂಡೇ ನಾಲ್ಕು ಸಾಲು ಕಳಿಸಲು ಬಂದ ಒಂದು ಪುಟ್ಟ ಉಪಗ್ರಹ ಸಾಧನದಿಂದ. ಆ ಸಾಧನವನ್ನು ದೋಣಿಯಲ್ಲಿ ಹೇಗೆ ಜೋಡಿಸಬೇಕು, ಎಲ್ಲಿಡಬೇಕು ಎಂಬ ವಿದ್ಯೆಯ ಬಗ್ಗೆ ಕನ್ನಡದಲ್ಲಿ ಗಂಭೀರವಾಗಿ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.

ಭಾರತದ ಹಾಯಿಯಾನದ ಕಥೆ ಓದುಗರಿಗೆ ಗೊತ್ತೇ ಇದೆ. ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿಯ ಹೆಸರು ಹೊತ್ತ ‘ಮ್ಹಾದೆಯಿ’ಯಲ್ಲಿ ದಿಲೀಪ್ ದೋಂಡೆ 2009-10ರಲ್ಲಿ, ಟೋಮಿ 2012-13ರಲ್ಲಿ ಲೋಕ ಸುತ್ತಿದರು. ‘ತಾರಿಣಿ’ಯಲ್ಲಿ 2017-18ರಲ್ಲಿ ಆರು ಮಂದಿ ಮಹಿಳಾ ಅಧಿಕಾರಿಗಳು, 2024-25ರಲ್ಲಿ ದಿಲ್ನಾ ಮತ್ತು ರೂಪಾ ಸುತ್ತಿಬಂದರು. ನೌಕಾಪಡೆಯ ಈ ದೋಣಿಗಳಿಗೆ ಉಪಗ್ರಹ ಸಂಪರ್ಕ ಸಹಜವಾಗಿಯೇ ಇತ್ತು, ಅದರ ಬಗ್ಗೆ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ತಲೆಕೆಡಿಸಿಕೊಳ್ಳಬೇಕಾದದ್ದು ತುರೀಯದ ವಿಷಯದಲ್ಲಿ.

2018ರ ಸೆಪ್ಟೆಂಬರ್ 21. ದಕ್ಷಿಣ ಹಿಂದೂ ಮಹಾಸಾಗರ, ಆಸ್ಟ್ರೇಲಿಯಾದ ಪರ್ತ್‌ನಿಂದ ಸುಮಾರು 1,900 ನಾಟಿಕಲ್ ಮೈಲು ದೂರ. ಬಿರುಗಾಳಿಗೆ ದೋಣಿ ಉರುಳಿತು, ಕೂವೆಮರ ಮುರಿಯಿತು, ಟೋಮಿಯವರ ಬೆನ್ನುಮೂಳೆಗೆ ಪೆಟ್ಟುಬಿತ್ತು. ಅವರಿಂದ ಹೊರಟ ಸಂದೇಶಗಳು ಮುಂದೆ ಲೋಕಕ್ಕೆಲ್ಲ ತಿಳಿದವು. ದೋಣಿ ಉರುಳಿದೆ, ಕೂವೆ ಹೋಗಿದೆ, ಬೆನ್ನಿಗೆ ತೀವ್ರ ಪೆಟ್ಟು, ಏಳಲಾಗುತ್ತಿಲ್ಲ. ನಡೆಯಲಾರೆ, ಸ್ಟ್ರೆಚರ್ ಬೇಕಾದೀತು, ಸ್ಯಾಟಲೈಟ್ ಫೋನ್ ಕೆಟ್ಟಿದೆ. ಕಾಲ್ಬೆರಳು ಆಡಿಸಬಲ್ಲೆ, ಮರಗಟ್ಟಿದೆ. ಮುಂದಿನ ಮಾತಿನ ಬಳಿ ನಾನು ತಡೆದು ನಿಲ್ಲುತ್ತೇನೆ: ತುರ್ತು ಚೀಲವನ್ನು ತಲುಪುವುದು ಕಷ್ಟ.

ಆ ಒಂದು ಸಾಲಿನಲ್ಲಿ ಇಡೀ ವ್ಯವಸ್ಥೆಯ ವಿಮರ್ಶೆ ಅಡಗಿದೆ. ತುರ್ತು ಚೀಲದಲ್ಲಿ ಎರಡನೆಯ ಸ್ಯಾಟಲೈಟ್ ಫೋನ್ ಇತ್ತು, ಕೈಯಲ್ಲಿ ಹಿಡಿಯುವ ವಿಎಚ್‌ಎಫ್ ರೇಡಿಯೋ ಇತ್ತು. ಪಟ್ಟಿಯ ಪ್ರಕಾರ ಯಾವುದೂ ಕಡಿಮೆಯಿರಲಿಲ್ಲ. ದೋಣಿಯನ್ನು ಪರೀಕ್ಷಿಸಿದವರು ಎಲ್ಲಕ್ಕೂ ಸರಿ ಗುರುತು ಹಾಕಿರಲೇಬೇಕು. ಆದರೆ ಆ ಫೋನೂ ಅದು ಯಾರಿಗಾಗಿ ಇತ್ತೋ ಆ ಮನುಷ್ಯನೂ ಒಂದೇ ಕ್ಯಾಬಿನಿನಲ್ಲಿದ್ದೂ ಒಬ್ಬರಿಗೊಬ್ಬರು ಸಿಗಲಿಲ್ಲ. ಮೂವತ್ತೆರಡು ಅಡಿಯ ದೋಣಿ. ಬಂಕಿನಿಂದ ಚೀಲಕ್ಕೆ ಎಷ್ಟು ಹೆಜ್ಜೆ ಇದ್ದೀತು? ನಡೆಯಬಲ್ಲವನಿಗೆ ಅದು ಲೆಕ್ಕಕ್ಕೇ ಬಾರದ ದೂರ.

ಚೀಲದ ಕಲ್ಪನೆಯನ್ನೇ ನೋಡಿ. ದೋಣಿ ಮುಳುಗುವಾಗ ಎತ್ತಿಕೊಂಡು ತೆಪ್ಪಕ್ಕೆ ಹಾರಲೆಂದು ಅದನ್ನು ಸಿದ್ಧಮಾಡುತ್ತಾರೆ. ಅಂದರೆ ದೋಣಿ ಸಾಯುತ್ತದೆ, ಮನುಷ್ಯ ಗಟ್ಟಿಯಾಗಿರುತ್ತಾನೆ ಎಂಬ ನಂಬಿಕೆಯ ಮೇಲೆ ಅದು ನಿಂತಿದೆ. ತುರೀಯದಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ದೋಣಿ ತೇಲುತ್ತಿತ್ತು, ಮನುಷ್ಯ ಬಿದ್ದಿದ್ದ. ಈ ಸಾಧ್ಯತೆಗೆ ನಮ್ಮ ಜೋಡಣೆಯ ಪದ್ಧತಿಯಲ್ಲಿ ಜಾಗವೇ ಇಲ್ಲ. ಇದು ಟೋಮಿಯವರ ತಪ್ಪಲ್ಲ, ಅವರು ಎಲ್ಲರೂ ಮಾಡುವ ಹಾಗೆಯೇ ಮಾಡಿದ್ದರು. ತಪ್ಪು ಆ ಪದ್ಧತಿಯದು. ಒಬ್ಬನೇ ಹೋಗುವ ದೋಣಿಯಲ್ಲಂತೂ ಚೀಲ ಎತ್ತಿಕೊಡಲು ಎರಡನೆಯವರು ಇರುವುದಿಲ್ಲ.

ಹಾಗಾದರೆ ಕೈಹಿಡಿದದ್ದು ಯಾವುದು? ರೇಸ್ ಕಚೇರಿಯೊಡನೆ ಮಾತ್ರ ಚುಟುಕು ಸಂದೇಶ ವಿನಿಮಯ ಮಾಡಬಲ್ಲ ವೈಬಿ3 ಎಂಬ ಸಾಧನ. ಅದು ಬಳಸುವ ಇರಿಡಿಯಂ ಜಾಲದ 66 ಉಪಗ್ರಹಗಳು ಸುಮಾರು 780 ಕಿ.ಮೀ. ಎತ್ತರದಲ್ಲಿ ಧ್ರುವದಿಂದ ಧ್ರುವಕ್ಕೆ ಸುತ್ತುತ್ತಿರುತ್ತವೆ. ಯಾವುದಾದರೊಂದು ಸದಾ ತಲೆಯ ಮೇಲೆ ಹಾದುಹೋಗುವುದರಿಂದ ಆಂಟೆನಾವನ್ನು ಇಂಥ ದಿಕ್ಕಿಗೇ ಗುರಿಯಿಡಬೇಕಿಲ್ಲ. ದೋಣಿ ಎತ್ತ ವಾಲಿದರೂ ಸಂದೇಶ ಹೋಗುತ್ತದೆ, ಒಮ್ಮೆ ತಪ್ಪಿದರೆ ಸಾಧನ ತಾನಾಗಿ ಮತ್ತೆ ಯತ್ನಿಸುತ್ತದೆ. ಬ್ಯಾಟರಿ ಒಳಗೇ, ಆಂಟೆನಾ ಒಳಗೇ. ಕೂವೆಮರದ ತುದಿಗೆ ಕಟ್ಟಿದ ವಿಎಚ್‌ಎಫ್ ಆಂಟೆನಾ ಕೂವೆ ಮುರಿದ ಗಳಿಗೆಯಲ್ಲೇ ನೀರುಪಾಲು. ದೋಣಿಯ ಬ್ಯಾಟರಿಗೆ ನೀರು ನುಗ್ಗಿದರೆ ಅದನ್ನು ನಂಬಿದ ಉಪಕರಣಗಳೆಲ್ಲ ಒಟ್ಟಿಗೆ ಸತ್ತವು. ಯಾರ ಹಂಗಿಗೂ ಬೀಳದ ಉಪಕರಣವೇ ಉಳಿಯುವುದು.

ಇಪಿಐಆರ್‌ಬಿ ಬೀಕನ್ ಇದ್ದಮೇಲೆ ಸಂದೇಶ ಯಾಕೆ ಬೇಕು ಎನ್ನುವವರಿದ್ದಾರೆ. ಟೋಮಿ ಅದನ್ನೂ ಚಾಲೂ ಮಾಡಿದ್ದರು. 406 ಮೆಗಾಹರ್ಟ್ಸ್‌ನ ಆ ಬೀಕನ್ ಕನಿಷ್ಠ 48 ಗಂಟೆ ಕೂಗುತ್ತದೆ, ಯಾವ ದೋಣಿ, ಎಲ್ಲಿದೆ ಎಂದು ಹೇಳುತ್ತದೆ. ನಮ್ಮ ದೇಶದ ಪಾಲಿಗೆ ಇಂಥ ಕೂಗು ಬಂದು ಮುಟ್ಟುವುದು ಇಸ್ರೋದ ಬೆಂಗಳೂರಿನ ಇಸ್ಟ್ರಾಕ್‌ನಲ್ಲಿರುವ ಕೇಂದ್ರಕ್ಕೆ. ಅದರ ಉಪಕಾರ ದೊಡ್ಡದು. ಆದರೆ ಒಳಗಿರುವವನ ಸ್ಥಿತಿ ಏನು ಎಂದು ಅದಕ್ಕೆ ಹೇಳಲು ಬಾರದು. ಸ್ಟ್ರೆಚರ್ ಬೇಕು ಎಂದು ಮೊದಲೇ ತಿಳಿಸಿದ್ದು ಸಂದೇಶ. ನೌಕಾಪಡೆಯ ಪಿ-8ಐ ವಿಮಾನ ಮಾರಿಷಸ್‌ನಿಂದ ಹಾರಿ ದೋಣಿಯನ್ನು ಕಂಡಿತು. ಸೆಪ್ಟೆಂಬರ್ 24ರಂದು ಫ್ರೆಂಚ್ ಹಡಗು ‘ಓಸಿರಿಸ್’ ತಲುಪಿದಾಗ, ತಾವು ಸ್ಟ್ರೆಚರಿನಲ್ಲಿ ಹೊತ್ತು ತರಬೇಕಾದ ಮನುಷ್ಯನ ಬಳಿಗೆ ಹೋಗುತ್ತಿದ್ದೇವೆ ಎಂದು ಅದರ ಸಿಬ್ಬಂದಿಗೆ ಗೊತ್ತಿತ್ತು. ಬೆನ್ನುಮೂಳೆ ಮುರಿದವನನ್ನು ಎತ್ತುವಲ್ಲಿ ಈ ತಿಳಿವಳಿಕೆಗೆ ಪ್ರಾಣದ ಬೆಲೆಯಿದೆ.

ಈಗ ಸರಳತೆಯ ಆರಾಧಕರ ಮಾತು. ಮುಂಬಯಿಯ ಕನ್ನಡಿಗರ ಚರ್ಚೆಯೊಂದರಲ್ಲಿ ಹಿರಿಯರೊಬ್ಬರು ಬರ್ನಾರ್ ಮ್ವಾಟೆಸಿಯೆಯನ್ನು ಮುಂದಿಟ್ಟು ವಾದಿಸಿದರು. 1968ರ ಮೂಲ ರೇಸಿನಲ್ಲಿ ಆತ ರೇಡಿಯೋ ಬೇಡವೆಂದ, ಮೌನವನ್ನು ಆರಿಸಿಕೊಂಡ, ಕೊನೆಗೆ ಗೆಲುವನ್ನೇ ಬಿಟ್ಟು ತಾಹಿಟಿಯತ್ತ ಹೋದ, ಕಡಲಯಾನದ ಆತ್ಮ ಅಲ್ಲಿದೆ ಎಂಬುದು ಅವರ ನಿಲುವು. ಹಿರಿಯರ ಮೇಲಿನ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಇದು ಅರ್ಧ ಓದು. ಮ್ವಾಟೆಸಿಯೆ ಎದುರಾದ ಹಡಗುಗಳ ಮೇಲೆ ಕವಣೆಯಿಂದ ಡಬ್ಬಿ ಬೀಸಿ ಸುದ್ದಿ ಕಳಿಸುತ್ತಿದ್ದ. ರೇಸ್ ಬಿಡುವ ನಿರ್ಧಾರವನ್ನು ಲೋಕಕ್ಕೆ ಮುಟ್ಟಿಸಿದ್ದೂ ಹಾಗೆಯೇ. ಸುದ್ದಿ ಮುಟ್ಟಿಸುವ ಆಸೆ ಅವನಿಗೂ ಇತ್ತು. ಅವನು ಬೇಡವೆಂದದ್ದು ತನ್ನ ಗಮನವನ್ನು ಕದಿಯುವ ಭಾರದ ಯಂತ್ರವನ್ನು. ಅದೇ ರೇಸಿನಲ್ಲಿ, ಮುಂಬಯಿಯಲ್ಲಿ ಕಟ್ಟಿದ ‘ಸುಹೈಲಿ’ಯ ರಾಬಿನ್ ನಾಕ್ಸ್-ಜಾನ್‌ಸ್ಟನ್ ಅವರ ರೇಡಿಯೋ ಕೈಕೊಟ್ಟು ತಿಂಗಳುಗಟ್ಟಲೆ ಸುದ್ದಿಯಿರಲಿಲ್ಲ. ಡೊನಾಲ್ಡ್ ಕ್ರೌಹರ್ಸ್ಟ್ ರೇಡಿಯೋದಲ್ಲಿ ಸುಳ್ಳು ಜಾಗ ಹೇಳುತ್ತ ಹೋಗಿ ಕಡೆಗೆ ಕಡಲಲ್ಲೇ ಕಾಣೆಯಾದ. ಆ ವರ್ಷದ ಮೌನವನ್ನು ಪವಿತ್ರ ಎನ್ನುವವರು ಈ ಇಬ್ಬರ ಮನೆಯವರ ಕಡೆಯಿಂದಲೂ ಒಮ್ಮೆ ಯೋಚಿಸಬೇಕು.

ಇನ್ನೂ ಒಂದು ಮಾತು. ಗೋಲ್ಡನ್ ಗ್ಲೋಬ್ ಕೂಡ ನಿಜಕ್ಕೂ ಮೌನದ ರೇಸ್ ಅಲ್ಲ. ಟ್ರ್ಯಾಕರ್, ಸ್ಯಾಟಲೈಟ್ ಫೋನ್, ಸಂದೇಶ ಸಾಧನಗಳನ್ನು ಅದರ ನಿಯಮಗಳೇ ಕೊಟ್ಟಿದ್ದವು, ಬಳಕೆಯನ್ನು ಮಾತ್ರ ಬಿಗಿ ಮಾಡಿದ್ದವು. ಆ ಬಿಗಿಯನ್ನು ನಾನು ಗೌರವಿಸುತ್ತೇನೆ. ಬೆನ್ನಿಗೆ ಟೈಟೇನಿಯಂ ಸಲಾಕೆ ಹಾಕಿಸಿಕೊಂಡ ಟೋಮಿ 2022ರ ರೇಸಿಗೆ ಮರಳಿ ಎರಡನೆಯವರಾಗಿ ಮುಗಿಸಿದ್ದು ನಮ್ಮ ಕಾಲದ ದೊಡ್ಡ ಸಾಹಸಗಳಲ್ಲೊಂದು. ಆದರೆ ಹೊಗಳುವವರು ನಿಯಮದ ಈ ಅರ್ಧವನ್ನು ಮುಚ್ಚಿಟ್ಟು ಸೆಕ್ಸ್‌ಟಂಟನ್ನು ಮಾತ್ರ ಪೂಜೆಗೆ ಕೂರಿಸಿದರೆ ಎಳೆಯ ಓದುಗ ತಪ್ಪು ಪಾಠ ಕಲಿಯುತ್ತಾನೆ.

ಎದುರು ಬದಿಯವರೂ ನನಗೆ ಒಪ್ಪಿಗೆಯಿಲ್ಲ. ಬ್ರಾಡ್‌ಬ್ಯಾಂಡ್ ತಟ್ಟೆ ಹಾಕಿಸಿದರೆ ಎಲ್ಲ ಮುಗಿಯಿತು ಎಂಬುದು ಅವರ ಹೊಸ ಮಂತ್ರ. ಲೆಕ್ಕ ಹಾಕೋಣ. ಸುಮಾರು 60 ವ್ಯಾಟ್ ಎಳೆಯುವ ತಟ್ಟೆ ದಿನವಿಡೀ ಚಾಲೂ ಇದ್ದರೆ 1,440 ವ್ಯಾಟ್-ಗಂಟೆ ಬೇಕು. 12 ವೋಲ್ಟಿನ 200 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಿಂದ ಅದಕ್ಕೆ ಹಾನಿಯಾಗದಂತೆ ತೆಗೆಯಬಹುದಾದದ್ದು 1,200. ಮೋಡ ಕವಿದು ಸೋಲಾರ್ ಕೈಕೊಟ್ಟರೆ ಒಂದು ದಿನಕ್ಕೇ ಕತ್ತಲೆ. ಬಿರುಗಾಳಿ ಬರುವುದೂ ಅಂಥ ದಿನವೇ. ಹವಾಮಾನದ ನಕ್ಷೆ ಇಳಿಸಿಕೊಳ್ಳಲು, ಮನೆಯವರ ಮುಖ ನೋಡಲು ತಟ್ಟೆ ಇರಲಿ. ಪ್ರಾಣವನ್ನು ಅದರ ಕೈಗೆ ಕೊಡುವುದು ಬೇಡ.

ನವಿ ಮುಂಬಯಿಯ ಕಾಮೋಠೆಯಲ್ಲಿ ಮನೆ ಮಾಡಿಕೊಂಡು ಹಡಗಿನ ರೇಡಿಯೋ ಉಪಕರಣಗಳ ನಡುವೆ ದುಡಿದ ನನಗೆ ಈ ವಿದ್ಯೆಯ ಚೆಲುವು ಕಾಣುವುದು ತೀರ ಚಿಕ್ಕ ಕೆಲಸಗಳಲ್ಲಿ. ಆಂಟೆನಾವನ್ನು ಕೂವೆಗೆ ಕಟ್ಟದೆ ಹಿಂಬದಿಯ ಕಂಬಿಗೆ ಕಟ್ಟುವುದು. ಇರಿಡಿಯಂ ಮತ್ತು ಇನ್‌ಮಾರ್‌ಸಾಟ್ ಎಂಬ ಎರಡು ಉಪಗ್ರಹ ಜಾಲಗಳ ಆಂಟೆನಾಗಳ ನಡುವೆ ಸಾಕಷ್ಟು ಅಂತರ ಬಿಡುವುದು, ಏಕೆಂದರೆ ಅವುಗಳ ತರಂಗಾಂತರಗಳು ಅಕ್ಕಪಕ್ಕದವು, ಒಂದರ ಪ್ರಸಾರ ಇನ್ನೊಂದರ ಕಿವಿ ಮುಚ್ಚುತ್ತದೆ. ಕೇಬಲ್ ಡೆಕ್ಕಿನೊಳಗೆ ಇಳಿಯುವ ಮುನ್ನ ಕೆಳಮುಖವಾಗಿ ಒಂದು ಬಳುಕು ಕೊಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಕನೆಕ್ಟರಿಗೆ ರಬ್ಬರ್ ಟೇಪನ್ನು ಎಳೆದು ಸುತ್ತದಿದ್ದರೆ ಉಪ್ಪುನೀರು ಸೇರಿ ತಾಮ್ರ ಕಿಲುಬು ಹಿಡಿಯುತ್ತದೆ, ಬಂದರಿನಲ್ಲಿ ಚೆನ್ನಾಗಿದ್ದ ಫೋನು ನಡುಗಡಲಲ್ಲಿ ಮೂಕವಾಗುತ್ತದೆ. ಇವೆಲ್ಲ ಮುಗಿದ ಮೇಲೆ ಯಾರೂ ಮಾಡದ ಪರೀಕ್ಷೆಯೊಂದಿದೆ: ದೀಪ ಆರಿಸಿ, ಬಂಕಿನಲ್ಲಿ ಅಂಗಾತ ಮಲಗಿ, ಒಂದೇ ಕೈಯಲ್ಲಿ ಸಂದೇಶ ಕಳಿಸಿ ನೋಡುವುದು.

ನಮ್ಮ ಕಾನೂನೂ ಈ ವಿದ್ಯೆಗೆ ಅಡ್ಡ ನಿಂತಿದೆ. 26/11ರ ಕಹಿಯ ನಂತರ, 2012ರ ಡಿಜಿ ಶಿಪ್ಪಿಂಗ್ ಆದೇಶ ಭಾರತದ ಕಡಲಲ್ಲಿ ತುರಾಯಾ, ಇರಿಡಿಯಂ ಫೋನುಗಳನ್ನು ನಿಷೇಧಿಸಿತು. ಕಾರಣ ಅರ್ಥವಾಗುವಂಥದ್ದೇ. ಇನ್‌ಮಾರ್‌ಸಾಟ್ ಫೋನನ್ನು ಬಿಎಸ್‌ಎನ್‌ಎಲ್ ಮೂಲಕ ಪಡೆಯಬಹುದು. 2018ರ ನಿಯಮಗಳ ಮೇಲೆ ಹಡಗುಗಳಿಗೆ ಬ್ರಾಡ್‌ಬ್ಯಾಂಡೂ ಬಂತು, ಅದನ್ನು ಮೊದಲು ಒದಗಿಸಿದ ನೆಲ್ಕೋ ಕಂಪನಿ ಇರುವುದು ನಮ್ಮ ನವಿ ಮುಂಬಯಿಯ ಮಹಾಪೆಯಲ್ಲೇ. ದೊಡ್ಡ ಹಡಗಿಗೆ ಹೀಗೆ ದಾರಿಯಾಯಿತು. ಆದರೆ ತುರೀಯದಲ್ಲಿ ಜೀವ ಉಳಿಸಿದ ಜಾತಿಯ ಅಂಗೈಯಗಲದ ಸಾಧನವನ್ನು ಅನುಮತಿಯಿಲ್ಲದೆ ತಂದವರು ಇಂದಿಗೂ ಕೇಸು ಎದುರಿಸಬೇಕು. ಸಣ್ಣ ದೋಣಿಗೂ ನೋಂದಣಿ ಮಾಡಿಸಿ ಇಟ್ಟುಕೊಳ್ಳುವ ಸರಳ ಹಾದಿ ಬೇಕು.

ಇದು ಸಾಹಸಿಗಳ ಹವ್ಯಾಸದ ಪ್ರಶ್ನೆ ಎನ್ನುವವರಿಗೆ ಅದೇ 2018ರ ಡಿಸೆಂಬರನ್ನು ನೆನಪಿಸುತ್ತೇನೆ. ಮಲ್ಪೆಯಿಂದ 13ರಂದು ಹೊರಟ ‘ಸುವರ್ಣ ತ್ರಿಭುಜ’ ಬೋಟಿನ ಸಂಪರ್ಕ 15ರ ರಾತ್ರಿಯ ನಂತರ ಕಡಿದುಹೋಯಿತು. ಅದರಲ್ಲಿ ಉಡುಪಿ, ಉತ್ತರ ಕನ್ನಡದ ಏಳು ಮೀನುಗಾರರಿದ್ದರು. ಮಾಲ್ವಣದ ಕಡಲಾಳದಲ್ಲಿ ಬೋಟಿನ ಅವಶೇಷ ಸಿಕ್ಕಿದ್ದು ಮರುವರ್ಷದ ಮೇ ತಿಂಗಳಲ್ಲಿ. ಭೂಮಿಯ ತುದಿಯಲ್ಲಿದ್ದ ಒಬ್ಬ ಮನುಷ್ಯನನ್ನು ಮೂರು ದಿನದಲ್ಲಿ ತಲುಪಿದ ಲೋಕ, ನಮ್ಮ ದಡದ ಪಕ್ಕದಲ್ಲೇ ಇದ್ದ ಏಳು ಮಂದಿಯ ಬೋಟಿನ ಸುಳಿವು ಹಿಡಿಯಲು ನಾಲ್ಕು ತಿಂಗಳ ಮೇಲೆ ತೆಗೆದುಕೊಂಡಿತು. ಸಾಧನ ಇದ್ದಿದ್ದರೆ ಏಳೂ ಜೀವ ಉಳಿಯುತ್ತಿದ್ದವು ಎಂದು ಹೇಳಲಾರೆ. ಮನೆಯವರು ಅಷ್ಟು ದಿನ ಬಾಗಿಲು ಕಾಯಬೇಕಿರಲಿಲ್ಲ ಎಂದಂತೂ ಹೇಳಬಲ್ಲೆ.

ಇಸ್ರೋ ರೂಪಿಸಿದ, ಎರಡೂ ಕಡೆಗೆ ಸಂದೇಶ ಒಯ್ಯುವ ಟ್ರಾನ್ಸ್‌ಪಾಂಡರ್‌ಗಳನ್ನು 13 ಕರಾವಳಿ ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ಒಂದು ಲಕ್ಷ ಮೀನುಗಾರಿಕಾ ದೋಣಿಗಳಿಗೆ ಹಾಕುವ ಯೋಜನೆಗೆ 2024ರ ಆಗಸ್ಟ್ 30ರಂದು ಪಾಲ್ಘರ್‌ನಲ್ಲಿ ಚಾಲನೆ ಸಿಕ್ಕಿತು. ನನ್ನ ದೃಷ್ಟಿಯಲ್ಲಿ ಗೋಲ್ಡನ್ ಗ್ಲೋಬ್‌ಗಿಂತ ಇದು ದೊಡ್ಡ ಕಡಲ ಸಾಹಸ, ಇದಕ್ಕೆ ಸಿಗಬೇಕಾದ ಹೊಗಳಿಕೆ ಇನ್ನೂ ಸಿಕ್ಕಿಲ್ಲ. ಮಲ್ಪೆ, ಗಂಗೊಳ್ಳಿ, ಕಾರವಾರದ ತಾಂಡೇಲರಲ್ಲಿ, ಹಾಯಿದೋಣಿ ಕಟ್ಟಿಸುವ ಹೊಸ ಉತ್ಸಾಹಿಗಳಲ್ಲಿ ನನ್ನ ಕೋರಿಕೆ ಇಷ್ಟೇ: ಪೆಟ್ಟಿಗೆ ಬಂದಿದೆ ಎಂದು ಸಹಿ ಹಾಕಿ ಸುಮ್ಮನಾಗಬೇಡಿ. ಅದನ್ನು ಎಲ್ಲಿ ಕೂರಿಸುತ್ತಾರೆ ಎಂದು ನಿಂತು ನೋಡಿ, ಬೋಟಿನ ಪ್ರತಿಯೊಬ್ಬನಿಗೂ ಗುಂಡಿ ಒತ್ತಲು ಕಲಿಸಿ. ಮಲಗಿದಲ್ಲಿಂದ ಕೈಗೆ ಸಿಗದ ಸಾಧನವನ್ನು ದೋಣಿಯಲ್ಲಿದೆ ಎಂದು ಲೆಕ್ಕಕ್ಕೆ ಹಿಡಿಯಬೇಡಿ.