ಸ್ವಗತದ ಸ್ಥಾನದಲ್ಲಿ ರೇಷ್ಮೆಯ ಸದ್ದು

ನಾಟಕ ಚಲನಚಿತ್ರವಾಗುವಾಗ ಭಾವದ ಹೊಣೆಯನ್ನು ಕ್ಲೋಸ್‌ಅಪ್‌ಗೆ ಒಪ್ಪಿಸುವುದು ರೂಢಿ. ಅಕಿರ ಕುರೊಸಾವಾ ಅವರ ‘ಥ್ರೋನ್ ಆಫ್ ಬ್ಲಡ್’ (1957) ಆ ರೂಢಿಗೆ ಒಗ್ಗುವುದಿಲ್ಲ. ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ನಲ್ಲಿ ಕೊಲೆಗೆ ಮುಂಚಿನ ತಳಮಳವನ್ನು ಸ್ವಗತವೇ ಹೊರುತ್ತದೆ; ಚಿತ್ರದಲ್ಲಿ ಆ ಸ್ವಗತವಿಲ್ಲ. ಲೇಡಿ ಮ್ಯಾಕ್‌ಬೆತ್‌ಳ ಸ್ಥಾನದಲ್ಲಿರುವ ಅಸಾಜಿಯಾಗಿ ಇಸುಜು ಯಮಾದಾ ಅವರ ಮುಖ ನೋ ರಂಗಭೂಮಿಯ ಮುಖವಾಡದಂತೆ ನಿಶ್ಚಲ. ಆಕೆ ಕತ್ತಲೆಯ ಬಾಗಿಲೊಳಗೆ ಮರೆಯಾಗಿ, ಕಾವಲುಗಾರರಿಗೆ ಕೊಡುವ ಮದ್ಯದ ಗಡಿಗೆ ಹಿಡಿದು ಮರಳುತ್ತಾಳೆ. ನಿಶ್ಶಬ್ದದಲ್ಲಿ ಕೇಳಿಸುವುದು ರೇಷ್ಮೆಯ ಉಡುಪಿನ ಸರಸರ. ಕೊಲೆ ತೆರೆಯ ಮೇಲೆ ಕಾಣುವುದಿಲ್ಲ. ಆಕೆಯೊಡನೆ ಪ್ರೇಕ್ಷಕನೂ ಕಾಯಬೇಕು.

ರೂಪಾಂತರದ ನಿಷ್ಠೆಯನ್ನು ಉಳಿದುಕೊಂಡ ಮಾತುಗಳಿಂದ ಅಳೆಯುವ ವಿಮರ್ಶೆಗೆ ಇಲ್ಲಿ ನಷ್ಟವಷ್ಟೇ ಕಂಡೀತು. ಸ್ವಗತ ಪ್ರೇಕ್ಷಕನನ್ನು ಕೊಲೆಗಾರನ ಮನಸ್ಸಿನೊಳಕ್ಕೆ ಒಯ್ದರೆ, ಈ ಮೌನ ಅವನನ್ನು ಹೊರಗೆ ನಿಲ್ಲಿಸಿ ಸಾಕ್ಷಿಯಾಗಿಸುತ್ತದೆ. ಕೊಲೆಗಾರನ ಮೇಲಿನ ಅನುಕಂಪ ಕುಗ್ಗುತ್ತದೆ, ಭೀತಿ ಇಮ್ಮಡಿಸುತ್ತದೆ.