ಕರೆಂಟ್ ವೈರಿನಲ್ಲಿ ಸಿನಿಮಾ

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ 600 ಎಂದು ಅಚ್ಚಾಗಿರುತ್ತದೆ. ಬಿಚ್ಚಿ ನೋಡಿದರೆ ಬುಡದಲ್ಲಿರುವ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ನದು. ಒಳಗೆ ಆರುನೂರು ಬಂದರೂ ಹೊರಗೆ ಬಿಡುವುದು ನೂರೇ. ಆ ನೂರಾದರೂ ಬಂದೀತೆ? ಅದು ನಿಮ್ಮ ಮನೆಗೆ ವೈರಿಂಗ್ ಮಾಡಿದ ಪುಣ್ಯಾತ್ಮನ ಕೈಯಲ್ಲಿದೆ. ಪವರ್‌ಲೈನ್ ಅಡಾಪ್ಟರ್ ಎಂದೊಡನೆ ಎಲ್ಲರೂ ಕೇಳುವುದು "ಯಾವ ಕಂಪನಿಯದು ಒಳ್ಳೆಯದು?" ಎಂದು. ಮೊದಲು ಕೇಳಿಕೊಳ್ಳಬೇಕಾದದ್ದು "ನಮ್ಮ ರೌಟರ್ ಮತ್ತು ಟೀವಿ ಒಂದೇ ಫೇಸ್‌ನಲ್ಲಿವೆಯೇ?" ಎಂದು.

ಈ ಸಾಧನವನ್ನು ಕಾಣದವರಿಗಾಗಿ ಎರಡು ಮಾತು. ಅಂಗೈಯಗಲದ ಡಬ್ಬಿಗಳು ಜೋಡಿಯಾಗಿ ಬರುತ್ತವೆ. ಒಂದನ್ನು ರೌಟರ್ ಪಕ್ಕದ ಸಾಕೆಟ್‌ಗೆ ಚುಚ್ಚಿ, ರೌಟರಿಗೂ ಅದಕ್ಕೂ ಲ್ಯಾನ್ ಕೇಬಲ್ ಹಾಕಬೇಕು. ಇನ್ನೊಂದನ್ನು ಟೀವಿಯ ಹಿಂದೆ ಚುಚ್ಚಿ, ಅಲ್ಲಿಂದ ಟೀವಿಗೆ ಮತ್ತೊಂದು ಕೇಬಲ್. ನಡುವೆ ಹೊಸದಾಗಿ ಏನನ್ನೂ ಎಳೆಯಬೇಕಾಗಿಲ್ಲ. ಗೋಡೆಯೊಳಗೆ ಮೊದಲೇ ಇರುವ ಫೇಸ್, ನ್ಯೂಟ್ರಲ್ ತಂತಿಗಳೇ ಡೇಟಾ ಹೊರುತ್ತವೆ. 230 ವೋಲ್ಟಿನ ಕರೆಂಟು ಸೆಕೆಂಡಿಗೆ 50 ಸಲ ಹೊಯ್ದಾಡುತ್ತಿರುವಾಗಲೇ ಡೇಟಾ ಅದೇ ತಂತಿಯಲ್ಲಿ 2 ಮೆಗಾಹರ್ಟ್ಸ್‌ಗೂ ಮೇಲೆ ಓಡುತ್ತದೆ. ಎರಡಕ್ಕೂ ಇಷ್ಟು ಅಂತರವಿರುವುದರಿಂದ ಕರೆಂಟನ್ನು ಸೋಸಿ ಡೇಟಾ ಮಾತ್ರ ತೆಗೆದುಕೊಳ್ಳುವುದು ಕಷ್ಟವಲ್ಲ.

ಉಪಾಯವೇನೂ ಹೊಸದಲ್ಲ. ದೊಡ್ಡ ಸಬ್‌ಸ್ಟೇಷನ್ ಪಕ್ಕ ಬಸ್ಸಿನಲ್ಲಿ ಹೋಗುವಾಗ ಬೇಲಿಯಾಚೆ ಕಣ್ಣು ಹಾಯಿಸಿ. ಹೈಟೆನ್ಷನ್ ಲೈನ್ ಒಳಗೆ ಬರುವಲ್ಲಿ ಪೀಪಾಯಿಯಂಥ ದಪ್ಪ ಸುರುಳಿಯೊಂದು ತೂಗುತ್ತಿರುವುದು ಕಾಣಬಹುದು. ಅದು ವೇವ್ ಟ್ರ್ಯಾಪ್. ಒಂದು ಸಬ್‌ಸ್ಟೇಷನ್ನಿಂದ ಇನ್ನೊಂದಕ್ಕೆ ಆ ಲೈನಿನ ಮೇಲೆಯೇ ಫೋನ್ ಮಾತನ್ನೂ ರಿಲೇ ಸಂಕೇತವನ್ನೂ ಕಳಿಸುವ ಏರ್ಪಾಡು ಬಹುಕಾಲದಿಂದ ಇದೆ. ಸಂಕೇತ ಟ್ರಾನ್ಸ್‌ಫಾರ್ಮರ್ ಕಡೆ ಸೋರಿಹೋಗದಂತೆ ತಡೆಯುವುದು ಸುರುಳಿಯ ಕೆಲಸ. ವಿದ್ಯುತ್ ಇಲಾಖೆಯ ಹಳಬರನ್ನು ಕೇಳಿದರೆ 'ಪಿಎಲ್‌ಸಿಸಿ' ಎಂದು ಥಟ್ಟನೆ ಹೇಳುತ್ತಾರೆ. ಈ ಉಪಾಯ ಮನೆಯೊಳಗೆ ಕಾಲಿಟ್ಟದ್ದು 2001ರಲ್ಲಿ, ಹೋಮ್‌ಪ್ಲಗ್ 1.0 ಎಂಬ ಹೆಸರಿನಲ್ಲಿ, 14 ಎಂಬಿಪಿಎಸ್ ವೇಗದೊಂದಿಗೆ. ವಿಡಿಯೊ ಹೊರುವ ತಾಕತ್ತು ಬಂದದ್ದು 2005ರ ಹೋಮ್‌ಪ್ಲಗ್ ಎವಿಯಿಂದ. ಇನ್ನೊಂದು ಸಂಗತಿ: ಹೆದ್ದಾರಿ ಬದಿಯ ಸಿಸಿಎಸ್ ಫಾಸ್ಟ್ ಚಾರ್ಜರ್ ನಿಮ್ಮ ಎಲೆಕ್ಟ್ರಿಕ್ ಕಾರಿನೊಂದಿಗೆ ಮಾತಾಡುವುದೂ ಇದೇ ವಂಶದ ಹೋಮ್‌ಪ್ಲಗ್ ಗ್ರೀನ್ ಫೈ ಭಾಷೆಯಲ್ಲಿ.

ಇದರ ಅಗತ್ಯ ನಿಜಕ್ಕೂ ಯಾರಿಗೆ ಎಂದು ತಿಳಿಯಬೇಕಾದರೆ ಶಿರಸಿ ಸುತ್ತಿನ ತೋಟದ ಮನೆಗಳಿಗೆ ಬರಬೇಕು. ನನ್ನ ಸ್ನೇಹಿತರೊಬ್ಬರ ಮನೆ ಅಂಥದು. ಫೈಬರ್ ಬಂದು ನಿಂತಿರುವುದು ಜಗಲಿಯ ಮೂಲೆಯಲ್ಲಿ, ಲೈನ್ ಎಳೆದವರಿಗೆ ಹತ್ತಿರ ಸಿಕ್ಕಿದ ಗೋಡೆ ಅದೇ ಆದ್ದರಿಂದ. ಟೀವಿ ಇರುವುದು ನಡುಮನೆ ದಾಟಿ ಹಿಂಬದಿಯ ಕೋಣೆಯಲ್ಲಿ. ಮಧ್ಯೆ ದಪ್ಪ ಚಿರೆಕಲ್ಲಿನ ಗೋಡೆಗಳು. ಮಳೆಗಾಲದಲ್ಲಿ ನೀರು ಕುಡಿದು ನಿಂತ ಚಿರೆಕಲ್ಲನ್ನು 5 ಗಿಗಾಹರ್ಟ್ಸ್ ವೈಫೈ ದಾಟುವುದು ಅಷ್ಟರಲ್ಲೇ ಇದೆ, 2.4 ಗಿಗಾಹರ್ಟ್ಸ್ ಹೇಗೋ ನುಸುಳಿ ಬರುತ್ತದೆ, ತೆವಳುತ್ತಾ.

ಅಲ್ಲಿ ಅಡಾಪ್ಟರ್ ಜೋಡಿ ಹಾಕಿದಾಗ ನೋಡಿದ್ದನ್ನು ಹೇಳುತ್ತೇನೆ. ಕೆಲವು ಮಾದರಿಗಳಲ್ಲಿ ಪುಟ್ಟ ದೀಪವೊಂದು ಲೈನಿನ ಗುಣ ತೋರಿಸುತ್ತದೆ: ಹಸಿರಾದರೆ ಚೆನ್ನ, ಹಳದಿಯಾದರೆ ಸಾಧಾರಣ, ಕೆಂಪಾದರೆ ಕಷ್ಟ. ಟೀವಿ, ಸೆಟ್‌ಟಾಪ್ ಬಾಕ್ಸ್, ಸ್ಪೀಕರ್ ಎಲ್ಲ ಸೇರಿದ್ದ ಸ್ಪೈಕ್ ಬಸ್ಟರ್‌ನಲ್ಲಿ ಡಬ್ಬಿಗೆ ಕೆಂಪು ದೀಪ. ಅದನ್ನೇ ಕಿತ್ತು ಪಕ್ಕದ ಗೋಡೆಯ ಸಾಕೆಟ್‌ಗೆ ಚುಚ್ಚಿದರೆ ಹಸಿರು. ಸ್ಪೈಕ್ ಬಸ್ಟರ್‌ನ ತಪ್ಪೇನಿಲ್ಲ. ಕರೆಂಟಿನ ಮೇಲೆ ಸವಾರಿ ಮಾಡುವ ಮೇಲ್ತರಂಗಗಳನ್ನೆಲ್ಲ ಕಸವೆಂದು ಗುಡಿಸುವುದೇ ಅದರ ಧರ್ಮ. ನಿಮ್ಮ ಸಿನಿಮಾ ಅದರ ಕಣ್ಣಿಗೆ ಕಸವೇ. ಅಡಾಪ್ಟರನ್ನು ನೇರ ಗೋಡೆಗೆ ಚುಚ್ಚಬೇಕು, ಉಳಿದದ್ದೆಲ್ಲ ಸ್ಪೈಕ್ ಬಸ್ಟರ್‌ನಲ್ಲೇ ಇರಲಿ.

ಸಂಜೆ ಕ್ರಿಕೆಟ್ ಹಚ್ಚಿ ಕೂತೆವು. ಮೂರನೇ ಓವರ್ ಹೊತ್ತಿಗೆ ಅಡುಗೆಮನೆಯಲ್ಲಿ ಮಿಕ್ಸಿ ತಿರುಗಿತು, ಪರದೆಯ ಮೇಲೆ ಚಕ್ರ ಸುತ್ತತೊಡಗಿತು. ಸ್ನೇಹಿತರು ಕೂಗು ಹಾಕಿದರು. "ಚಟ್ನಿ ಬೇಕೋ ಮ್ಯಾಚ್ ಬೇಕೋ, ಒಂದು ಹೇಳಿಬಿಡಿ" ಎಂಬ ಉತ್ತರ ಬಂತು, ಮಿಕ್ಸಿ ನಿಲ್ಲಲಿಲ್ಲ. ಮಿಕ್ಸಿಯ ಮೋಟಾರಿನಲ್ಲಿ ಕಾರ್ಬನ್ ಬ್ರಶ್ ಇರುತ್ತದೆ. ಅದು ಕಿಡಿ ಹಾರಿಸುತ್ತಾ ತಿರುಗುವಾಗ ಅಡಾಪ್ಟರ್ ಬಳಸುವ ತರಂಗಗಳ ಉದ್ದಗಲಕ್ಕೂ ಗದ್ದಲ ಎಬ್ಬಿಸುತ್ತದೆ. ಸಿನಿಮಾ ಆಗಿದ್ದರೆ ಆ್ಯಪ್ ಮೊದಲೇ ಒಂದಷ್ಟು ತುಂಬಿಟ್ಟುಕೊಂಡಿರುತ್ತದೆ, ಅರ್ಧ ನಿಮಿಷದ ಚಟ್ನಿ ಗೊತ್ತೇ ಆಗುವುದಿಲ್ಲ. ನೇರಪ್ರಸಾರಕ್ಕೆ ಆ ದಾಸ್ತಾನು ಕಡಿಮೆ. ಅಗ್ಗದ ಮೊಬೈಲ್ ಚಾರ್ಜರ್, ಕಳಪೆ ಎಲ್‌ಇಡಿ ಬಲ್ಬುಗಳೂ ಇದೇ ಜಾತಿಯವು, ಸದ್ದು ಮಾತ್ರ ಕಿವಿಗೆ ಕೇಳದು. ಅಡಾಪ್ಟರ್ ಇರುವ ಬೋರ್ಡಿನಲ್ಲೇ ಚಾರ್ಜರ್ ಚುಚ್ಚಬೇಡಿ.

ಚಿಪ್ ಸುಮ್ಮನೆ ಸೋಲುವ ಗಿರಾಕಿಯಲ್ಲ ಎಂಬುದನ್ನೂ ಹೇಳಬೇಕು. ಹೋಮ್‌ಪ್ಲಗ್ ಎವಿ ತನ್ನ ತರಂಗಪಟ್ಟಿಯನ್ನು ಒಂಬೈನೂರಕ್ಕೂ ಹೆಚ್ಚು ಸಣ್ಣ ಸಣ್ಣ ಓಣಿಗಳಾಗಿ ಹಂಚಿಕೊಂಡಿರುತ್ತದೆ. ಯಾವ ಓಣಿಯಲ್ಲಿ ಗದ್ದಲ ಹೆಚ್ಚೋ ಅಲ್ಲಿ ಕಡಿಮೆ ಡೇಟಾ ಕಳಿಸುತ್ತದೆ, ಶಾಂತವಾದಲ್ಲಿ ಹೆಚ್ಚು ತುಂಬುತ್ತದೆ. ಗದ್ದಲ ಕರೆಂಟಿನ ಏರಿಳಿತದೊಂದಿಗೆ ಬದಲಾಗುವುದರಿಂದ ತನ್ನ ಲೆಕ್ಕವನ್ನೂ ಅದಕ್ಕೇ ಹೊಂದಿಸಿಕೊಂಡಿದೆ: ನಮ್ಮ 50 ಹರ್ಟ್ಸ್‌ನ ಎರಡು ಸುತ್ತು, ಅಂದರೆ 40 ಮಿಲಿಸೆಕೆಂಡು, ಅದರ ಒಂದು ಆವರ್ತ. ಇಷ್ಟು ಜಾಣತನವಿದ್ದರೂ ಪೆಟ್ಟಿಗೆಯ ಮೇಲಿನ ವೇಗದಲ್ಲಿ ಮೂರನೇ ಒಂದು ಭಾಗ ಕೈಗೆ ಸಿಕ್ಕರೆ ನಾನು ಒಳ್ಳೆಯ ಲೈನ್ ಎನ್ನುತ್ತೇನೆ.

ಬೆಂಗಳೂರಿನ ಮೂರಂತಸ್ತಿನ ಮನೆಗಳ ತಾಪತ್ರಯ ಬೇರೆ. ಅಲ್ಲಿ ತ್ರೀ ಫೇಸ್ ಕನೆಕ್ಷನ್ ಸಾಮಾನ್ಯ. ಕೆಳಗಿನ ಮಹಡಿ ಒಂದು ಫೇಸ್, ಮೇಲಿನದು ಇನ್ನೊಂದು, ಗೀಸರ್-ಎಸಿಗೆ ಮೂರನೆಯದು ಎಂದು ಎಲೆಕ್ಟ್ರಿಷಿಯನ್ ಲೋಡ್ ಹಂಚಿರುತ್ತಾರೆ. ರೌಟರ್ ಕೆಂಪು ಫೇಸ್‌ನಲ್ಲಿ, ಟೀವಿ ನೀಲಿಯಲ್ಲಿ ಇದ್ದರೆ ಸಿಗ್ನಲ್ ಒಂದರಿಂದ ಇನ್ನೊಂದಕ್ಕೆ ಹಾರಬೇಕು. ಒಂದೇ ಪೈಪಿನಲ್ಲಿ ಅಕ್ಕಪಕ್ಕ ಓಡುವ ತಂತಿಗಳ ದಯೆಯಿಂದ ಅಲ್ಪಸ್ವಲ್ಪ ಹಾರುತ್ತದೆ, ಬಹಳ ಸೊರಗಿ. ಪರೀಕ್ಷಿಸುವುದು ಸುಲಭ: ಮೈನ್ ಬೋರ್ಡಿನಲ್ಲಿ ಒಂದೊಂದೇ ಫೇಸ್‌ನ ಎಂಸಿಬಿ ಇಳಿಸಿ, ಯಾವ ಸಾಕೆಟ್ ಸತ್ತಿತು ನೋಡಿ.

ಯುಪಿಎಸ್ ಇನ್ನೊಂದು ಗಂಟು. ಕರೆಂಟ್ ಹೋದರೂ ನೆಟ್ ಇರಲೆಂದು ರೌಟರನ್ನು ಯುಪಿಎಸ್ ಲೈನಿಗೆ ಕೊಟ್ಟಿರುತ್ತೇವೆ, ಟೀವಿ ನೇರ ಲೈನಿನಲ್ಲಿರುತ್ತದೆ. ನಡುವೆ ಯುಪಿಎಸ್ ಒಳಗಿನ ರಿಲೇ, ಫಿಲ್ಟರ್‌ಗಳನ್ನು ಹಾಯ್ದು ಬರುವಷ್ಟರಲ್ಲಿ ಸಿಗ್ನಲ್ ಬಡವಾಗುತ್ತದೆ. ಎರಡೂ ಅಡಾಪ್ಟರ್ ಒಂದೇ ಕಡೆ ಇರಲಿ, ಯುಪಿಎಸ್ ಆದರೆ ಯುಪಿಎಸ್, ನೇರ ಆದರೆ ನೇರ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಇದ್ದವರು ಕರೆಂಟ್ ಹೋದಾಗ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ.

ಮೂರನೆಯ ಪಿನ್ನಿನ ಬಗ್ಗೆ ನಮ್ಮಲ್ಲಿ ಅಸಡ್ಡೆ ಜಾಸ್ತಿ. 2012ರ ಹೋಮ್‌ಪ್ಲಗ್ ಎವಿ2 ಬಂದ ಮೇಲೆ ಒಳ್ಳೆಯ ಅಡಾಪ್ಟರ್‌ಗಳು ಫೇಸ್, ನ್ಯೂಟ್ರಲ್ ಜತೆಗೆ ಅರ್ಥ್ ತಂತಿಯನ್ನೂ ಡೇಟಾಕ್ಕೆ ಬಳಸುತ್ತವೆ. ಪೆಟ್ಟಿಗೆಯಲ್ಲಿ 'ಮಿಮೊ' ಎಂದಿದ್ದರೆ ಅದರ ಅರ್ಥ ಇದು. ಜರ್ಮನಿಯಲ್ಲಿರುವ ಮಗನೋ ಅಳಿಯನೋ ತಂದುಕೊಟ್ಟ ಜೋಡಿಯಾದರೆ ಅದರ ಎರಡು ದುಂಡು ಪಿನ್ ನಮ್ಮ 6 ಆ್ಯಂಪಿಯರ್ ಸಾಕೆಟ್‌ನಲ್ಲಿ ಕೂರುತ್ತವೆ, ಕೊಂಚ ಸಡಿಲ. ಅರ್ಥ್ ಪಟ್ಟಿ ಇರುವುದು ಪಕ್ಕದಲ್ಲಿ. ನಮ್ಮ ಸಾಕೆಟ್‌ನ ಅರ್ಥ್‌ಗೆ ತಾಗುವುದೇ ಇಲ್ಲ. ಆಗ ಅಡಾಪ್ಟರ್ ಹಳೆಯ ಎರಡು ತಂತಿಯ ಪದ್ಧತಿಗೆ ಇಳಿಯುತ್ತದೆ. ಬ್ರಿಟನ್ನಿನ ಚಪ್ಪಟೆ ಪಿನ್ನಿನವಕ್ಕೆ ಕನ್ವರ್ಟರ್ ಬೇಕು. ಅರ್ಥ್ ಸರಿಯಾಗಿ ದಾಟಿಸುವಂಥದೇ ಆಗಬೇಕು. ಸಾಕೆಟ್‌ನಲ್ಲಿ ಅರ್ಥಿಂಗ್ ನಿಜವಾಗಿ ಇದೆಯೋ ಇಲ್ಲವೋ ಎಂಬುದನ್ನಂತೂ ಈ ನೆಪದಲ್ಲಾದರೂ ಪರೀಕ್ಷೆ ಮಾಡಿಸಿ. ಜಿ.ಎಚ್‌ಎನ್ ಎಂಬ ಬೇರೆ ಪದ್ಧತಿಯ ಹೊಸ ಮಾದರಿಗಳು ಹೋಮ್‌ಪ್ಲಗ್‌ನೊಂದಿಗೆ ಮಾತಾಡುವುದಿಲ್ಲ, ಹಳೆಯದಕ್ಕೆ ಹೊಸದನ್ನು ಜೋಡಿ ಮಾಡಲು ಹೋಗಬೇಡಿ.

ಇಷ್ಟೆಲ್ಲ ಕಾಟವಿದ್ದೂ ನಾನು ಇದನ್ನು ಏಕೆ ಮೆಚ್ಚುತ್ತೇನೆ? ಸಿನಿಮಾ, ಸಂಗೀತಕ್ಕೆ ಬೇಕಾದ ವೇಗ ನಾವು ಭಾವಿಸುವುದಕ್ಕಿಂತ ಬಹಳ ಕಡಿಮೆ. ನೆಟ್‌ಫ್ಲಿಕ್ಸ್ 4ಕೆಗೆ ಕೇಳುವುದು 15 ಎಂಬಿಪಿಎಸ್, ಫುಲ್ ಎಚ್‌ಡಿಗೆ 5. ವೈಫೈ ಒಂದು ಕ್ಷಣ 80 ಕೊಟ್ಟು ಮರುಕ್ಷಣ 2ಕ್ಕೆ ಬೀಳುವ ಕೋಣೆಗಿಂತ, ಅಲುಗಾಡದೆ 40 ಕೊಡುವ ತಂತಿ ವಾಸಿ. ಸಂಗೀತಕ್ಕಂತೂ ಇದು ಬೇಕಾದಷ್ಟಾಯಿತು. ಸಿಡಿ ಗುಣಮಟ್ಟಕ್ಕೆ ಬೇಕಾದದ್ದು 1.4 ಎಂಬಿಪಿಎಸ್, ಮಲ್ಲಿಕಾರ್ಜುನ ಮನ್ಸೂರರ ಧ್ವನಿಮುದ್ರಿಕೆಯನ್ನು ಫ್ಲಾಕ್ ಆಗಿ ಕುಗ್ಗಿಸಿಟ್ಟುಕೊಂಡಿದ್ದರೆ ಅಷ್ಟೂ ಬೇಡ. 24 ಬಿಟ್, 192 ಕಿಲೋಹರ್ಟ್ಸ್‌ನ ಹೈರೆಸ್ ಕಡತವೂ ಕುಗ್ಗಿಸದೆ ಕಳಿಸಿದರೆ 9.2 ಎಂಬಿಪಿಎಸ್ ಮಾತ್ರ. ಕೆಂಪು ದೀಪದ ಲೈನಿನಲ್ಲೂ ರಾಗ ತುಂಡಾಗದೆ ಬರುವುದನ್ನು ಕೇಳಿದ್ದೇನೆ. ಮನೆಯ ಸರ್ವರ್‌ನಲ್ಲಿ 4ಕೆ ಬ್ಲೂರೇ ಹಾಗೆಹಾಗೇ ಇಳಿಸಿಟ್ಟುಕೊಂಡು ನೋಡುವ ಹಟದವರಿಗೆ ಮಾತ್ರ ಇದು ಆಗಿಬರುವುದಿಲ್ಲ. ಆ ಡಿಸ್ಕುಗಳ ವೇಗ 100 ಎಂಬಿಪಿಎಸ್ ದಾಟುವುದುಂಟು. ಆನ್‌ಲೈನ್ ಗೇಮ್ ಆಡುವ ಮಕ್ಕಳೂ ಗೊಣಗುತ್ತಾರೆ, ಸಿಗ್ನಲ್ ತಲುಪುವ ಹೊತ್ತು ಒಂದೇ ಸಮ ಇರುವುದಿಲ್ಲ.

ಶಾರ್ಟ್‌ವೇವ್ ರೇಡಿಯೊ ಪ್ರಿಯರು ದೂರ ಇದ್ದರೆ ಒಳ್ಳೆಯದು. ಹೋಮ್‌ಪ್ಲಗ್ ಎವಿ ಓಡಾಡುವ 2ರಿಂದ 28 ಮೆಗಾಹರ್ಟ್ಸ್ ಎಂದರೆ ಪೂರಾ ಶಾರ್ಟ್‌ವೇವ್ ಸೀಮೆಯೇ. ಮನೆಯ ವೈರಿಂಗ್ ಆಂಟೆನಾದಂತೆ ವರ್ತಿಸಿ ಗದ್ದಲವನ್ನು ಗಾಳಿಗೆ ಬಿಡುತ್ತದೆ. ಹ್ಯಾಮ್ ಬ್ಯಾಂಡುಗಳನ್ನು ಮುಟ್ಟದಂತೆ ಖಾಲಿ ಬಿಟ್ಟಿರುತ್ತಾರೆ. 31 ಮೀಟರ್, 49 ಮೀಟರ್ ಪ್ರಸಾರ ಬ್ಯಾಂಡುಗಳಿಗೆ ಆ ರಿಯಾಯಿತಿ ಇಲ್ಲ.

ಅಪಾರ್ಟ್‌ಮೆಂಟಿನವರು ಜೋಡಿ ಮಾಡುವ ಗುಂಡಿ ಒತ್ತುವುದನ್ನು ಮರೆಯಬಾರದು. ಕಾರ್ಖಾನೆಯಿಂದ ಬಂದ ಕೀಲಿ ಹೋಮ್‌ಪ್ಲಗ್ ಎವಿ ಅಡಾಪ್ಟರ್‌ಗಳಲ್ಲಿ ಒಂದೇ; ಸಿಗ್ನಲ್ ಮೀಟರ್ ದಾಟಿ ಪಕ್ಕದ ಮನೆಗೂ ಹೋಗಬಲ್ಲದು. ಗುಂಡಿ ಒತ್ತಿದರೆ ನಿಮ್ಮದೇ ಹೊಸ ಕೀಲಿ, 128 ಬಿಟ್ ಗೂಢಲಿಪಿ.

ಹೊಸ ಮನೆ ಕಟ್ಟಿಸುವವರು ಈ ಗೊಡವೆಗೇ ಬರಬೇಡಿ. ಗಾರೆ ಬೀಳುವ ಮೊದಲು ಫೈಬರ್ ಬರುವ ಜಾಗದಿಂದ ಟೀವಿ ಗೋಡೆಗೆ ಒಂದು ಖಾಲಿ ಪೈಪ್ ಹಾಕಿಸಿ ಕ್ಯಾಟ್6 ಎಳೆಸಿ. ಕರೆಂಟ್ ವೈರಿನ ಪೈಪಿನಲ್ಲೇ ತುರುಕಲು ಬಿಡಬೇಡಿ. ಬಾಡಿಗೆ ಮನೆಯವರಿಗೆ, ಗೋಡೆ ಕೊರೆಯಲು ಮನಸ್ಸು ಬಾರದ ಹಳೆಯ ಮನೆಯವರಿಗೆ ಪವರ್‌ಲೈನ್ ಜೋಡಿ ತಕ್ಕ ಸಾಧನ. ದುಬಾರಿ ಮಾದರಿಯ ಆಸೆ ಬೇಡ, ಟೀವಿಯ ಲ್ಯಾನ್ ಪೋರ್ಟ್ ಕೂಡ ಬಹುತೇಕ 100ರದ್ದೇ. ನಿಮ್ಮ ವೈರಿಂಗ್ ಒಪ್ಪುತ್ತದೋ ಇಲ್ಲವೋ ಎಂದು ಚುಚ್ಚುವ ತನಕ ಯಾವ ಅಂಗಡಿಯವನೂ ಹೇಳಲಾರ. ವಾಪಸ್ ತೆಗೆದುಕೊಳ್ಳುವ ಕಡೆಯೇ ಕೊಳ್ಳಿ, ಪೆಟ್ಟಿಗೆ, ಬಿಲ್ಲು ಎರಡನ್ನೂ ಎಸೆಯಬೇಡಿ.